ಇಆರ್‌ಸಿ ಸ್ಟಾರ್ಟಿಂಗ್ ಗ್ರಾಂಟ್‌ಗೆ ಅರ್ಜಿ: ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಎಡವುತ್ತೇವೆ

ಯುರೋಪಿಯನ್ ರಿಸರ್ಚ್ ಕೌನ್ಸಿಲ್ (ಇಆರ್‌ಸಿ) ಯುರೋಪಿಯನ್ ಒಕ್ಕೂಟದ ಸಂಶೋಧನಾ ಅನುದಾನ ಸಂಸ್ಥೆ. ಪಿಎಚ್‌ಡಿ ಆಗಿ ಕೆಲವೇ ವರ್ಷವಾದ ಸಂಶೋಧಕರಿಗೆ ಅದು ಕೊಡುವ ಸ್ಟಾರ್ಟಿಂಗ್ ಗ್ರಾಂಟ್‌ಗೆ ಕೊನೆಯ ದಿನ ಸಾಮಾನ್ಯವಾಗಿ ಅಕ್ಟೋಬರ್ ನಡುಭಾಗ. ಗೆಳೆಯರು ನನಗೆ ಕರಡು ಕಳಿಸುವುದು ಸೆಪ್ಟೆಂಬರ್ ಕೊನೆಯ ವಾರ. ಬೆಂಗಳೂರಿನಿಂದಲೂ ಬರುತ್ತವೆ, ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಪೋಸ್ಟ್‌ಡಾಕ್ ಮಾಡುತ್ತಿರುವ ನಮ್ಮವರಿಂದಲೂ ಬರುತ್ತವೆ. ವಿಜ್ಞಾನ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಕೆಲಸದ ಕ್ರಮ. ಅರ್ಜಿಯಲ್ಲಿ ಐದು ಪುಟದ ಒಂದು ಭಾಗ, ಉದ್ದದ ಇನ್ನೊಂದು ಭಾಗ ಇರುತ್ತವೆ. ಉದ್ದದ ಭಾಗವನ್ನು ಮೊದಲು ಬರೆದು, ಅದನ್ನೇ ಕತ್ತರಿಸಿ ಐದು ಪುಟಕ್ಕೆ ಇಳಿಸಿರುತ್ತಾರೆ. ಯೋಜನೆ ನಡೆಯಬೇಕಾದ ಆತಿಥೇಯ ಸಂಸ್ಥೆಯ ಬೆಂಬಲ ಪತ್ರ ಬಂದಿರುವುದಿಲ್ಲ. ಅರ್ಜಿಯನ್ನು ಅಳೆಯುವ ವಿಜ್ಞಾನಿಗಳ ಪ್ಯಾನೆಲ್ ಯಾವುದು ಎಂದರೆ "ಎರಡರಲ್ಲಿ ಒಂದು" ಎನ್ನುತ್ತಾರೆ. ಆ ಹೊತ್ತಿಗೆ ನಾನು ತಿದ್ದಿಕೊಡಬಹುದಾದದ್ದು ವಾಕ್ಯಗಳನ್ನು ಮಾತ್ರ.

ಸ್ಪರ್ಧೆ ಎಷ್ಟಿದೆ ಎಂದು ಮೊದಲೇ ತಿಳಿದಿರಲಿ. 2024ರ ಕರೆಗೆ, ಅಂದರೆ ಅರ್ಜಿ ಆಹ್ವಾನಕ್ಕೆ, 3,474 ಅರ್ಜಿಗಳು ಬಂದು 494 ಆಯ್ಕೆಯಾದವು. 2025ರಲ್ಲಿ 3,928 ಅರ್ಜಿಗಳಲ್ಲಿ 478. ನೂರರಲ್ಲಿ ಹನ್ನೆರಡು, ಹದಿನಾಲ್ಕು. ಹೀಗಿರುವಾಗ ಕ್ರಮ ತಪ್ಪಿ ಸೋಲುವುದು ನನಗೆ ನಿಜಕ್ಕೂ ಸಂಕಟದ ವಿಷಯ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ನೀವು ಅರ್ಜಿ ಹಾಕುವ ವರ್ಷದ ವರ್ಕ್ ಪ್ರೋಗ್ರಾಂ (ಆ ವರ್ಷದ ನಿಯಮಗಳ ದಾಖಲೆ), ಅದೇ ವರ್ಷದ ಅರ್ಜಿದಾರರ ಕೈಪಿಡಿ, ಪೋರ್ಟಲ್‌ನಿಂದ ಇಳಿಸಿಕೊಂಡ ನಮೂನೆಗಳು. ಹೋದ ವರ್ಷ ಗೆದ್ದ ಗೆಳೆಯ ಕೊಟ್ಟ ಫೈಲಿನ ಮೇಲೆಯೇ ಬರೆಯಲು ಕೂರಬೇಡಿ. ಪುಟಗಳ ಮಿತಿ, ಭಾಗಗಳ ಹೆಸರು, ಅರ್ಹತೆಯ ಅವಧಿ, ಮರು ಅರ್ಜಿಯ ನಿಯಮ ಎಲ್ಲವೂ ಬದಲಾಗುತ್ತಿರುತ್ತವೆ. ಗೆಳೆಯನ ಅರ್ಜಿಯನ್ನು ಓದಿ, ಕಲಿಯಿರಿ, ಪಕ್ಕಕ್ಕಿಡಿ.

ಪಿಎಚ್‌ಡಿ ದಾಖಲೆ, ಆರ್ಕಿಡ್ (ORCID) ಎಂಬ ಸಂಶೋಧಕರ ಗುರುತಿನ ಸಂಖ್ಯೆ, ಅರ್ಜಿಯ ಪೋರ್ಟಲ್ ತೆರೆಯಲು ಇಯು ಲಾಗಿನ್ ಖಾತೆಯೂ ಸಿದ್ಧವಿರಲಿ. ಇವುಗಳ ಜೊತೆಗೆ, ನಿಮ್ಮ ವಿಷಯ ಗೊತ್ತಿಲ್ಲದ ಆದರೆ ಸಂಶೋಧನೆ ಗೊತ್ತಿರುವ ಇಬ್ಬರು ಓದುಗರನ್ನು ಈಗಲೇ ಒಪ್ಪಿಸಿಕೊಳ್ಳಿ. ಅವರು ಯಾಕೆ ಬೇಕು ಎಂಬುದು ನಾಲ್ಕನೇ ಹಂತದಲ್ಲಿ ತಿಳಿಯುತ್ತದೆ.

## 1. ಅವಧಿಯೊಳಗೆ ಇದ್ದೀರಾ, ಲೆಕ್ಕ ಹಾಕಿ

ಅರ್ಜಿದಾರರಿಗೆ ರಾಷ್ಟ್ರೀಯತೆಯ ನಿರ್ಬಂಧವಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರೂ ಹಾಕಬಹುದು, ಅರ್ಜಿ ಹಾಕುವ ಹೊತ್ತಿಗೆ ಯುರೋಪಿನಲ್ಲೇ ಇರಬೇಕೆಂದೂ ಇಲ್ಲ. ನೋಡುವುದು ಪಿಎಚ್‌ಡಿ ಆಗಿ ಎಷ್ಟು ವರ್ಷವಾಯಿತು ಎಂಬುದನ್ನು. 2025ರ ಕರೆಯಲ್ಲಿ ಸ್ಟಾರ್ಟಿಂಗ್ ಗ್ರಾಂಟ್‌ಗೆ ಇದು 2ರಿಂದ 7 ವರ್ಷ, ಅಂದರೆ 2018ರ ಜನವರಿ 1ರಿಂದ 2022ರ ಡಿಸೆಂಬರ್ 31ರ ನಡುವೆ ಪಿಎಚ್‌ಡಿ ಮುಗಿದಿರಬೇಕಿತ್ತು. 7 ದಾಟಿ 12ರೊಳಗೆ ಇದ್ದವರಿಗೆ ಆಗ ಇದ್ದದ್ದು ಇಆರ್‌ಸಿಯ ಮುಂದಿನ ಮೆಟ್ಟಿಲಾದ ಕನ್ಸಾಲಿಡೇಟರ್ ಗ್ರಾಂಟ್. ಈ ಅವಧಿಯನ್ನು ಬದಲಿಸುವ ಅಧಿಕಾರ ಕೌನ್ಸಿಲ್‌ಗಿದೆ. ಆದ್ದರಿಂದ ನಿಮ್ಮ ವರ್ಷದ ದಾಖಲೆಯಲ್ಲಿ ಏನಿದೆಯೋ ಅದೇ ಅಂತಿಮ.

ನಮ್ಮವರು ಎಡವುವುದು ಇಲ್ಲಿ. ಈಗಿನ ನಿಯಮದಲ್ಲಿ ಎಣಿಕೆ ಶುರುವಾಗುವುದು ಪಿಎಚ್‌ಡಿ ಪ್ರಬಂಧವನ್ನು ಸಮರ್ಥಿಸಿ ಪಾಸಾದ ದಿನದಿಂದ, ಅಂದರೆ ವೈವಾ ದಿನದಿಂದ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ವೈವಾ ಒಂದು ದಿನ, ನೋಟಿಫಿಕೇಶನ್ ಇನ್ನೊಂದು ದಿನ, ಘಟಿಕೋತ್ಸವ ಮತ್ತೆ ಎಷ್ಟೋ ತಿಂಗಳ ಮೇಲೆ. ಪದವಿ ಪ್ರಮಾಣಪತ್ರದಲ್ಲಿ ಎಷ್ಟೋ ಬಾರಿ ಘಟಿಕೋತ್ಸವದ ತಾರೀಕು ಮಾತ್ರ ಇರುತ್ತದೆ. ಅದನ್ನೇ ನಂಬಿ ಲೆಕ್ಕ ಹಾಕಿದರೆ ಅವಧಿ ಇದೆ ಅಂದುಕೊಂಡಿದ್ದು ಮುಗಿದೇ ಹೋಗಿರಬಹುದು. ವೈವಾ ತಾರೀಕು ನಮೂದಿಸಿದ ಪತ್ರವನ್ನು ಕುಲಸಚಿವರ ಕಚೇರಿಯಿಂದ ಬೇಸಿಗೆಯಲ್ಲೇ ತರಿಸಿಕೊಳ್ಳಿ. ಅದಕ್ಕೆ ಎಷ್ಟು ಅಲೆಯಬೇಕು ಎಂದು ನಿಮಗೆ ನಾನು ಹೇಳಬೇಕಿಲ್ಲ.

ಅವಧಿ ಮೀರಿದವರು ಅಷ್ಟಕ್ಕೇ ಕೈಬಿಡಬೇಡಿ. ತಾಯಂದಿರಿಗೆ ಒಂದು ಮಗುವಿಗೆ 18 ತಿಂಗಳ ವಿಸ್ತರಣೆ ಇದೆ. ತಂದೆಗೆ ಪಡೆದ ರಜೆಯಷ್ಟು. ದೀರ್ಘಕಾಲದ ಕಾಯಿಲೆ, ವೈದ್ಯರ ಕ್ಲಿನಿಕಲ್ ತರಬೇತಿಯಂಥ ಕಾರಣಗಳಿಗೂ ಇದೆ. ಎಲ್ಲಕ್ಕೂ ದಾಖಲೆ ಬೇಕು. ಎರಡು ಮಕ್ಕಳ ತಾಯಿಯೊಬ್ಬರು "ನನ್ನ ಕಾಲ ಮುಗಿಯಿತು" ಎಂದುಕೊಂಡು ಕೂತಿದ್ದರು. ಲೆಕ್ಕ ಹಾಕಿದರೆ ಅವರಿಗೆ ಮೂರು ವರ್ಷ ಸೇರುತ್ತಿತ್ತು.

## 2. ಆತಿಥೇಯ ಸಂಸ್ಥೆಯನ್ನು ಜೂನ್‌ನಲ್ಲೇ ಹುಡುಕಿ

ಹಣ ಬರುವುದು ನಿಮ್ಮ ಹೆಸರಿಗೆ, ಆದರೆ ಒಪ್ಪಂದ ಆಗುವುದು ಸಂಸ್ಥೆಯ ಜೊತೆ. ಆ ಸಂಸ್ಥೆ ಯುರೋಪಿಯನ್ ಒಕ್ಕೂಟದ ದೇಶದಲ್ಲಿರಬೇಕು, ಇಲ್ಲವೇ ಒಕ್ಕೂಟದ ಹೊರೈಜನ್ ಯುರೋಪ್ ಎಂಬ ಸಂಶೋಧನಾ ಕಾರ್ಯಕ್ರಮದ ಈ ಭಾಗಕ್ಕೆ ಸೇರಿಕೊಂಡ ನಾರ್ವೆ, ಇಸ್ರೇಲ್, ಬ್ರಿಟನ್‌ನಂಥ ದೇಶದಲ್ಲಿರಬೇಕು. ಭಾರತ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಇಲ್ಲಿನ ಸಂಸ್ಥೆಯ ಹೆಸರಿನಲ್ಲಿ ಅರ್ಜಿ ಹಾಕಲಾಗದು. ನಿಮ್ಮ ಕೆಲಸದ ಸಮಯದ ಅರ್ಧದಷ್ಟಾದರೂ ಆ ದೇಶಗಳಲ್ಲಿ ಕಳೆಯಬೇಕು, ಮತ್ತು ಅರ್ಧ ಸಮಯವಾದರೂ ಈ ಯೋಜನೆಗೇ ಮೀಸಲಿರಬೇಕು. ಊರಿನ ಕೆಲಸ ಬಿಡದೆ ವರ್ಷಕ್ಕೆರಡು ಸಲ ಹೋಗಿಬರುತ್ತೇನೆ ಎನ್ನುವ ಲೆಕ್ಕಾಚಾರ ಇಲ್ಲಿ ನಡೆಯದು.

ಸಂಸ್ಥೆಗೆ ಮೊದಲ ಇಮೇಲ್ ಬರೆಯುವಾಗ ಒಂದೇ ಪುಟದ ಟಿಪ್ಪಣಿ ಸಾಕು: ಪ್ರಶ್ನೆ ಏನು, ನಾನೇ ಯಾಕೆ, ನಿಮ್ಮಲ್ಲೇ ಯಾಕೆ. ಆ ವಿಭಾಗದ ಪ್ರಾಧ್ಯಾಪಕರೊಬ್ಬರಿಗೆ ಬರೆಯಿರಿ, ಅದೇ ದಿನ ಆ ವಿಶ್ವವಿದ್ಯಾಲಯದ ಸಂಶೋಧನಾ ಅನುದಾನ ಕಚೇರಿಗೂ ಬರೆಯಿರಿ. ಪ್ರಾಧ್ಯಾಪಕರ ಪ್ರೀತಿ ಒಂದು, ಕಚೇರಿಯ ಒಪ್ಪಿಗೆ ಇನ್ನೊಂದು. ಕೆಲವು ಕಡೆ ಸಂಸ್ಥೆಯೊಳಗೇ ಆಯ್ಕೆ ನಡೆಯುತ್ತದೆ, ಅದರ ಕೊನೆಯ ದಿನ ಇಆರ್‌ಸಿ ಕೊನೆಯ ದಿನಕ್ಕಿಂತ ತಿಂಗಳುಗಟ್ಟಲೆ ಮುಂಚೆ ಇರುತ್ತದೆ.

ಬೆಂಬಲ ಪತ್ರ ಇಆರ್‌ಸಿ ನಮೂನೆಯಲ್ಲೇ, ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ಸಹಿ ಮಾಡುವ ಅಧಿಕಾರವಿರುವವರ ಸಹಿಯೊಂದಿಗೆ ಬರಬೇಕು. ವಿಭಾಗದ ಮುಖ್ಯಸ್ಥರಿಗೆ ಎಲ್ಲ ಕಡೆ ಆ ಅಧಿಕಾರ ಇರುವುದಿಲ್ಲ. ನಾನೇ ಅನುಭವಿಸಿದ್ದು: ಆಗಸ್ಟ್‌ನಲ್ಲಿ ಪತ್ರ ಕೇಳಿದೆ, ಸಹಿ ಹಾಕಬೇಕಾದವರು ರಜೆಯಲ್ಲಿದ್ದರು, ಅವರ ಬದಲು ನೋಡಿಕೊಳ್ಳುವವರೂ ರಜೆಯಲ್ಲಿದ್ದರು. ಯುರೋಪಿನ ಬಹುಭಾಗದಲ್ಲಿ ಆಗಸ್ಟ್ ಎಂದರೆ ಖಾಲಿ ಕಚೇರಿ. ಸಹಿ ಕೈಗೆ ಬಂದಾಗ ಇನ್ನು ನಾಲ್ಕು ದಿನ ಉಳಿದಿತ್ತು. ಬರೆಯುವುದಕ್ಕೆ ಇಟ್ಟುಕೊಂಡಿದ್ದ ಎರಡು ವಾರ ಪತ್ರದ ಹಿಂದೆ ಓಡುವುದರಲ್ಲೇ ಹೋಯಿತು.

ಎಚ್ಚರಿಕೆಯ ಗುರುತು: ಮೂರು ವಾರ ಕಳೆದರೂ ಅನುದಾನ ಕಚೇರಿಯ ಒಬ್ಬ ವ್ಯಕ್ತಿಯ ಹೆಸರು ನಿಮಗೆ ಸಿಕ್ಕಿಲ್ಲ ಎಂದಾದರೆ ಎರಡನೇ ಸಂಸ್ಥೆಯ ಜೊತೆ ಮಾತು ಶುರು ಮಾಡಿ.

## 3. ಬರೆಯುವ ಮುನ್ನ ಪ್ಯಾನೆಲ್ ಗೊತ್ತು ಮಾಡಿ

ಒಟ್ಟು 28 ಪ್ಯಾನೆಲ್‌ಗಳಿವೆ. ಭೌತವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆ ಪಿಇ1ರಿಂದ ಪಿಇ11, ಜೀವವಿಜ್ಞಾನಕ್ಕೆ ಎಲ್‌ಎಸ್1ರಿಂದ ಎಲ್‌ಎಸ್9, ಸಮಾಜವಿಜ್ಞಾನ ಮತ್ತು ಮಾನವಿಕಗಳಿಗೆ ಎಸ್‌ಎಚ್1ರಿಂದ ಎಸ್‌ಎಚ್8. ಗಣಿತ ಪಿಇ1, ಕಂಪ್ಯೂಟರ್ ವಿಜ್ಞಾನ ಪಿಇ6, ಭೂವಿಜ್ಞಾನ ಪಿಇ10.

ಪ್ಯಾನೆಲ್ ಎಂದರೆ ಫಾರ್ಮಿನ ಒಂದು ಕಾಲಂ ಅಲ್ಲ, ಅದು ನಿಮ್ಮ ಓದುಗರು. ಮೆದುಳಿನ ಕೋಶಗಳ ಗಣಿತ ಮಾದರಿಯನ್ನು ಗಣಿತಜ್ಞರಿಗೆ ಹೇಳುವಾಗ ಹೊಸತು ಎಲ್ಲಿದೆ ಎಂದು ತೋರಿಸುವ ಜಾಗ ಒಂದು, ನರವಿಜ್ಞಾನಿಗಳಿಗೆ ಹೇಳುವಾಗ ಬೇರೆ. ಹಿಂದಿನ ವರ್ಷಗಳ ಪ್ಯಾನೆಲ್ ಸದಸ್ಯರ ಪಟ್ಟಿ ಮತ್ತು ಆಯ್ಕೆಯಾದ ಯೋಜನೆಗಳ ಸಾರಾಂಶ ಇಆರ್‌ಸಿ ತಾಣದಲ್ಲಿ ಸಿಗುತ್ತವೆ. ಒಂದು ಮಧ್ಯಾಹ್ನ ಕೂತು, ನಿಮ್ಮ ಮನಸ್ಸಿನಲ್ಲಿರುವ ಎರಡು ಪ್ಯಾನೆಲ್‌ಗಳಿಂದ ಇಪ್ಪತ್ತಿಪ್ಪತ್ತು ಸಾರಾಂಶ ಓದಿ. ಯಾವ ಗುಂಪಿನ ಪ್ರಶ್ನೆಗಳು ನಿಮ್ಮ ಪ್ರಶ್ನೆಯ ನೆಂಟರಂತೆ ಕಾಣುತ್ತವೋ ಅದೇ ನಿಮ್ಮ ಪ್ಯಾನೆಲ್. ಎರಡನೇ ಪ್ಯಾನೆಲ್ ನಮೂದಿಸಲು ಅವಕಾಶವಿದೆ, ನಿಜವಾಗಿ ಬೇಕಿದ್ದರೆ ಮಾತ್ರ ಬಳಸಿ.

## 4. ಐದು ಪುಟ: ಇದೇ ಮೊದಲು, ಇದಕ್ಕೇ ಹೆಚ್ಚು ದಿನ

ಮೌಲ್ಯಮಾಪನ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಪ್ಯಾನೆಲ್ ಓದುವುದು ಐದು ಪುಟದ ಮೊದಲ ಭಾಗ ಮತ್ತು ನಿಮ್ಮ ಸಿವಿ, ಅಷ್ಟೇ. ಬಹುಕಾಲದಿಂದ ಇದನ್ನು ಎಲ್ಲರೂ ಬಿ1 ಎನ್ನುತ್ತಾರೆ. ಇಲ್ಲಿ ಬಿದ್ದ ಅರ್ಜಿಯ ಉದ್ದದ ಭಾಗ, ಅಂದರೆ ಬಿ2, ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಚ್ಚಿನ ಅರ್ಜಿಗಳು ಬೀಳುವುದೂ ಇಲ್ಲೇ. ಈ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಂಡರೆ ಉಳಿದ ಕ್ರಮ ತಾನಾಗಿ ಸರಿಹೋಗುತ್ತದೆ.

ಓದುವವರು ಯಾರು? ಪ್ಯಾನೆಲ್ ಸದಸ್ಯರು. ದೊಡ್ಡ ವಿಜ್ಞಾನಿಗಳೇ, ಆದರೆ ನಿಮ್ಮ ಉಪಶಾಖೆಯವರು ಅವರಲ್ಲಿ ಒಬ್ಬರಿದ್ದರೆ ಹೆಚ್ಚು. ಹೊರಗಿನ ವಿಷಯತಜ್ಞರು ಬರುವುದು ಎರಡನೇ ಹಂತದಲ್ಲಿ. ಬಿ2 ಬರೆಯುವುದು ತಜ್ಞರಿಗೆ, ಬಿ1 ಬರೆಯುವುದು ಬುದ್ಧಿವಂತ ಅಪರಿಚಿತರಿಗೆ. ಒಂದನ್ನು ಕತ್ತರಿಸಿದರೆ ಇನ್ನೊಂದು ಸಿಗುವುದಿಲ್ಲ.

ಹತ್ತಿರದಿಂದ ನೋಡೋಣ. ಇದು ಪಿಇ10ಕ್ಕೆ ನಾನೇ ಕಟ್ಟಿದ ಉದಾಹರಣೆ. ಅರ್ಜಿ ಇಂಗ್ಲಿಷಿನಲ್ಲಿರುತ್ತದೆ, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಸಾಮಾನ್ಯವಾಗಿ ಬರುವ ಆರಂಭ ಹೀಗಿರುತ್ತದೆ:

"ಅಂತರ್ಜಲದ ಕುಸಿತ ಇಂದು ಜಗತ್ತಿನ ದೊಡ್ಡ ಸವಾಲುಗಳಲ್ಲೊಂದು. ಹವಾಮಾನ ಬದಲಾವಣೆ ಇದನ್ನು ಇನ್ನಷ್ಟು ತೀವ್ರಗೊಳಿಸುತ್ತಿದೆ. ಈ ಯೋಜನೆಯಲ್ಲಿ ನವೀನ, ಬಹುಶಿಸ್ತೀಯ ವಿಧಾನಗಳಿಂದ ಗಟ್ಟಿಶಿಲೆಯ ಜಲಪದರಗಳನ್ನು ಸಮಗ್ರವಾಗಿ ಅಧ್ಯಯನ ಮಾಡಲಾಗುವುದು."

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಅದೇ ಯೋಜನೆ, ಇನ್ನೊಂದು ಆರಂಭ:

"ಗ್ರಾನೈಟ್ ನೆಲದಲ್ಲಿ ಅಕ್ಕಪಕ್ಕ ಕೊರೆದ ಎರಡು ಬೋರ್‌ವೆಲ್‌ಗಳಲ್ಲಿ ಒಂದು ವರ್ಷಗಟ್ಟಲೆ ನೀರು ಕೊಡುತ್ತದೆ, ಇನ್ನೊಂದು ಬರಿದು. ನೀರಿರುವುದು ಬಂಡೆಯ ಬಿರುಕುಗಳಲ್ಲಿ, ಯಾವ ಬಿರುಕು ಯಾವುದಕ್ಕೆ ಕೂಡಿದೆ ಎಂಬುದು ಮೇಲಿನಿಂದ ಕಾಣದು. ಆ ಕೂಡಿಕೆ ಬದಲಾಗುವುದಿಲ್ಲ ಎಂದು ಹಿಡಿದೇ ಲೆಕ್ಕ ಹಾಕುವುದು ರೂಢಿ. ನೀರೆತ್ತುವ ಕೆಲಸವೇ ಆ ಕೂಡಿಕೆಯನ್ನು ಬದಲಿಸುತ್ತದೆ ಎಂಬುದು ನನ್ನ ಊಹೆ. ಬ್ರಿಟನಿ, ಫಿನ್ಲೆಂಡ್, ಕೋಲಾರದ ಬಂಡೆಗಳಲ್ಲಿ ಇದನ್ನು ಪರೀಕ್ಷಿಸುತ್ತೇನೆ. ಊಹೆ ನಿಜವಾದರೆ ಈಗಿನ ಮರುಪೂರಣದ ಲೆಕ್ಕವನ್ನು ಬುಡದಿಂದ ಹೊಸದಾಗಿ ಹಾಕಬೇಕಾಗುತ್ತದೆ. ಸುಳ್ಳಾದರೆ, ಕೂಡಿಕೆ ಸ್ಥಿರ ಎಂಬ ನಂಬಿಕೆಗೆ ಮೊದಲ ಸಲ ನೇರ ಪುರಾವೆ ಸಿಗುತ್ತದೆ."

ಎರಡನೆಯದರಲ್ಲಿ ಕಾಣುವ ಒಂದು ಒಗಟಿದೆ, ಎಲ್ಲರೂ ಹಿಡಿದುಕೊಂಡ ನಂಬಿಕೆಯಿದೆ, ಅದಕ್ಕೆ ಎದುರಾದ ಒಂದು ಊಹೆಯಿದೆ, ಪರೀಕ್ಷಿಸುವ ಜಾಗವಿದೆ, ಎರಡೂ ಫಲಿತಾಂಶಕ್ಕೆ ಬೆಲೆಯಿದೆ. ಖಗೋಳವಿಜ್ಞಾನಿ ಓದಿದರೂ ಊಟದ ಹೊತ್ತಿಗೆ ಪಕ್ಕದವರಿಗೆ ಹೇಳಬಲ್ಲರು. ಮೊದಲ ಅರ್ಧ ಪುಟಕ್ಕೆ ನೀವು ಒಂದು ವಾರ ಕೊಟ್ಟರೂ ಅದು ದುಬಾರಿಯಲ್ಲ.

ಮಿಕ್ಕ ಪುಟಗಳಲ್ಲಿ ಮೂರು ನಾಲ್ಕು ಉದ್ದೇಶಗಳು, ಪ್ರತಿಯೊಂದಕ್ಕೂ ದಾರಿ, ಎಲ್ಲಿ ಸೋಲಬಹುದು, ಸೋತರೆ ಮುಂದೇನು. ಇಆರ್‌ಸಿ ನೋಡುವ ಮಾನದಂಡ ಶ್ರೇಷ್ಠತೆಯೊಂದೇ. ಅಪಾಯವಿರುವ ವಿಚಾರಕ್ಕೆ ಹಿಂಜರಿಯಬೇಡಿ, ಆದರೆ ಅಪಾಯ ಎಲ್ಲಿದೆ ಎಂದು ನೀವೇ ಮೊದಲು ಹೇಳಿ. ಒಂದನೇ ಉದ್ದೇಶ ಬಿದ್ದರೆ ಉಳಿದೆಲ್ಲವೂ ಬೀಳುವಂತೆ ಯೋಜನೆ ಕಟ್ಟುವುದು ನಾನು ಮತ್ತೆ ಮತ್ತೆ ಕಾಣುವ ತಪ್ಪು. ಅಂಥ ಯೋಜನೆಯಲ್ಲಿ ಎರಡನೇ ಉದ್ದೇಶವನ್ನು ತನ್ನ ಕಾಲ ಮೇಲೆ ನಿಲ್ಲುವಂತೆ ತಿರುಗಿ ಕಟ್ಟಿ.

ಈಗ ಆ ಇಬ್ಬರು ಓದುಗರು. ಐದು ಪುಟ ಕೊಡಿ, ಇಪ್ಪತ್ತು ನಿಮಿಷ ಬಿಟ್ಟು ಕಾಗದ ವಾಪಸ್ ತೆಗೆದುಕೊಳ್ಳಿ. "ನನ್ನ ಪ್ರಶ್ನೆ ಏನು? ಹೊಸತು ಏನು? ನಾನೇ ಯಾಕೆ?" ಎಂದು ಕೇಳಿ. ತಡವರಿಸಿದರೆ ತಪ್ಪು ಅವರದಲ್ಲ. ವಿವರಿಸಲು ಬಾಯಿ ತೆರೆಯಬೇಡಿ, ಬರೆದುಕೊಳ್ಳಿ, ತಿದ್ದಿ. ಪ್ಯಾನೆಲ್ ಕೋಣೆಯಲ್ಲಿ ವಿವರಿಸಲು ನೀವು ಇರುವುದಿಲ್ಲ.

## 5. ಸಿವಿ: ಗೈಡ್ ನೆರಳಿನಿಂದ ಹೊರಗೆ

ಸಿವಿ ಮತ್ತು ಸಾಧನೆಯ ಭಾಗಕ್ಕೆ ಇತ್ತೀಚಿನ ಕರೆಗಳಲ್ಲಿ ನಾಲ್ಕು ಪುಟ. ಆಯ್ದ ಹತ್ತು ಕೆಲಸಗಳನ್ನು ತೋರಿಸಬಹುದು. ಪ್ರತಿಯೊಂದರ ಕೆಳಗೆ ಅದರಲ್ಲಿ ನಿಮ್ಮ ಪಾಲೇನು, ಅದರಿಂದ ಏನು ಬದಲಾಯಿತು ಎಂದು ಎರಡು ಸಾಲು ಬರೆಯಿರಿ. ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಲೇಖನಗಳನ್ನು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಅಂಕಿ) ಹಾಕಬಾರದು. ನಮ್ಮಲ್ಲಿ ಅದನ್ನು ಹಾಕುವ ರೂಢಿ ಗಟ್ಟಿಯಾಗಿದೆ, ಹುಡುಕಿ ತೆಗೆಯಿರಿ.

ಈ ಹಂತದ ಸಂಶೋಧಕರಲ್ಲಿ ಪ್ಯಾನೆಲ್ ಹುಡುಕುವುದು ಸ್ವತಂತ್ರ ಆಲೋಚನೆಯನ್ನು. ಗೈಡ್ ಹೆಸರಿಲ್ಲದ ಒಂದು ಒಳ್ಳೆಯ ಪೇಪರ್ ಇದ್ದರೆ ಅದನ್ನು ಮೇಲಕ್ಕೆ ತನ್ನಿ. ಇಲ್ಲದಿದ್ದರೆ, ಯಾವ ವಿಚಾರ ನಿಮ್ಮದೇ ಆಗಿ ಹುಟ್ಟಿತು ಎಂದು ನೇರವಾಗಿ ಹೇಳಿ. ವಿನಯದಿಂದ "ನಾವು ಮಾಡಿದೆವು" ಎಂದು ಬರೆಯುವ ಅಭ್ಯಾಸ ನಮ್ಮವರಿಗೆ ಇಲ್ಲಿ ತೊಂದರೆ ಕೊಡುತ್ತದೆ. "ನಾನು" ಎಂದು ಬರೆಯಿರಿ.

## 6. ಉದ್ದದ ಭಾಗ

ಬಿ1 ಗಟ್ಟಿಯಾದ ಮೇಲೆಯೇ ಇದಕ್ಕೆ ಕೈ ಹಾಕಿ. ಇಲ್ಲಿ ವಿಧಾನ, ವೇಳಾಪಟ್ಟಿ, ಯಾರು ಏನು ಮಾಡುತ್ತಾರೆ, ಪರ್ಯಾಯ ದಾರಿಗಳು. ಪುಟಗಳ ಮಿತಿಯನ್ನು ನಿಮ್ಮ ವರ್ಷದ ನಮೂನೆಯಲ್ಲಿ ನೋಡಿ. ಓದುವವರು ನಿಮ್ಮ ಕ್ಷೇತ್ರದವರೇ ಆದ್ದರಿಂದ ಪ್ರಾಥಮಿಕ ದತ್ತಾಂಶ ಇದ್ದರೆ ಒಂದು ಚಿತ್ರವನ್ನಾದರೂ ಹಾಕಿ. ಬಿ1 ವಾಕ್ಯಗಳನ್ನು ಹಾಗೇ ತಂದು ಅಂಟಿಸಬೇಡಿ, ಎರಡನ್ನೂ ಓದುವವರಿಗೆ ಅದು ಎದ್ದು ಕಾಣುತ್ತದೆ.

## 7. ಬಜೆಟ್

ಸ್ಟಾರ್ಟಿಂಗ್ ಗ್ರಾಂಟ್ ಐದು ವರ್ಷಕ್ಕೆ ಗರಿಷ್ಠ 15 ಲಕ್ಷ ಯೂರೋ. ಇದು ಪರೋಕ್ಷ ವೆಚ್ಚವೂ, ಅಂದರೆ ಕಟ್ಟಡ, ಕಚೇರಿಯಂಥ ಸಂಸ್ಥೆಯ ಖರ್ಚೂ, ಸೇರಿದ ಮೊತ್ತ. ನೇರ ವೆಚ್ಚದ ಮೇಲೆ ಶೇ. 25ರಷ್ಟು ಸಂಸ್ಥೆಗೆ ಹೋಗುತ್ತದೆ. ಹಾಗಾಗಿ ನಿಮ್ಮ ಕೈಗೆ ಸಿಗುವ ನೇರ ವೆಚ್ಚ 12 ಲಕ್ಷ, ಅದರ ಕಾಲುಭಾಗ 3 ಲಕ್ಷ. 15 ಲಕ್ಷಕ್ಕೆ ಸಂಬಳಗಳನ್ನು ಹಂಚಿಬಿಟ್ಟು ಕೊನೆಯ ವಾರ ಈ 3 ಲಕ್ಷ ನೆನಪಾದರೆ, ಒಬ್ಬ ಪೋಸ್ಟ್‌ಡಾಕ್‌ನ ಕೆಲಸವನ್ನೇ ಯೋಜನೆಯಿಂದ ಕಿತ್ತುಹಾಕಬೇಕಾಗುತ್ತದೆ.

ಹೊರದೇಶದಿಂದ ಬಂದು ನೆಲೆಯೂರುವವರಿಗೆ, ದೊಡ್ಡ ಉಪಕರಣ ಅಥವಾ ದೊಡ್ಡ ಕ್ಷೇತ್ರಕಾರ್ಯ ಬೇಕಾದವರಿಗೆ ಹೆಚ್ಚುವರಿಯಾಗಿ 10 ಲಕ್ಷ ಯೂರೋವರೆಗೆ ಕೇಳುವ ಅವಕಾಶವಿದೆ. ಯುರೋಪಿಗೆ ಬರುವವರಿಗೆ ಅದನ್ನು 20 ಲಕ್ಷಕ್ಕೆ ಏರಿಸುವ ನಿರ್ಧಾರ 2025ರಲ್ಲಿ ಪ್ರಕಟವಾಯಿತು. ಸಂಬಳದ ದರಗಳನ್ನು ಅಂದಾಜು ಮಾಡಬೇಡಿ, ಅನುದಾನ ಕಚೇರಿಯಿಂದ ಪಟ್ಟಿ ತರಿಸಿಕೊಳ್ಳಿ. ಕೇಳಿದ್ದಕ್ಕೆಲ್ಲ ಕಾರಣ ಬರೆಯಿರಿ.

## 8. ಪೋರ್ಟಲ್ ಮತ್ತು ನೈತಿಕತೆಯ ಪಟ್ಟಿ

ಅರ್ಜಿ ಹೋಗುವುದು ಯುರೋಪಿಯನ್ ಕಮಿಷನ್‌ನ ಫಂಡಿಂಗ್ ಅಂಡ್ ಟೆಂಡರ್ಸ್ ಪೋರ್ಟಲ್ ಮೂಲಕ. ಸಂಸ್ಥೆಗೆ ಪಿಐಸಿ ಎಂಬ ಸಂಖ್ಯೆ ಇರುತ್ತದೆ, ಅದನ್ನು ಹಾಕಿ ಕರಡು ತೆರೆಯಿರಿ. ಕೊನೆಯ ಗಳಿಗೆಯವರೆಗೆ ಎಷ್ಟು ಸಲ ಬೇಕಾದರೂ ಸಲ್ಲಿಸಬಹುದು, ಹೊಸದು ಹಳೆಯದರ ಜಾಗಕ್ಕೆ ಬರುತ್ತದೆ. ಆದ್ದರಿಂದ ಒಂದು ವಾರ ಮುಂಚೆಯೇ ಒಂದು ಪೂರ್ಣ ಆವೃತ್ತಿ ಸಲ್ಲಿಸಿಬಿಡಿ. ಗಡುವು ಬ್ರಸೆಲ್ಸ್ ಸಮಯ ಸಂಜೆ 5 ಗಂಟೆ. ಅಕ್ಟೋಬರ್ ಮಧ್ಯದಲ್ಲಿ ಅದು ನಮ್ಮ ರಾತ್ರಿ 8:30, ಜನವರಿಯ ಕನ್ಸಾಲಿಡೇಟರ್ ಗಡುವಿಗೆ ರಾತ್ರಿ 9:30.

ಸಂಶೋಧನೆಯ ನೈತಿಕ ವಿಷಯಗಳನ್ನು ಕೇಳುವ ನೈತಿಕತೆಯ ಪಟ್ಟಿಯನ್ನು ಕೊನೆಯ ರಾತ್ರಿಗೆ ಬಿಡುವುದು ದೊಡ್ಡ ತಪ್ಪು. ಕೋಲಾರದಲ್ಲಿ ಕ್ಷೇತ್ರಕಾರ್ಯ ಇದೆಯೆಂದರೆ ಅದು ಒಕ್ಕೂಟದ ಹೊರಗಿನ ದೇಶದ ಕೆಲಸ, ನಮೂದಿಸಲೇಬೇಕು. ಭಾರತದಿಂದ ಗಿಡ, ಸೂಕ್ಷ್ಮಜೀವಿಗಳಂಥ ಮಾದರಿ ಒಯ್ಯುವುದಾದರೆ 2002ರ ಜೀವವೈವಿಧ್ಯ ಕಾಯ್ದೆ, ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಇವೆಲ್ಲ ನೆನಪಿರಲಿ. ಊರಿನವರಾದ್ದರಿಂದ ನಮಗೆ ಅನುಮತಿ ಬೇಡ ಎಂದುಕೊಳ್ಳುವಂತಿಲ್ಲ.

## 9. ಸಂದರ್ಶನ

ಮೊದಲ ಹಂತ ದಾಟಿದವರಿಗೆ ಕರೆ ಬರುತ್ತದೆ. ಕೆಲವೇ ನಿಮಿಷ ನಿಮ್ಮ ಮಾತು, ಉಳಿದದ್ದು ಪ್ರಶ್ನೆ. ಎಷ್ಟು ನಿಮಿಷ, ಎಷ್ಟು ಸ್ಲೈಡ್ ಎಂಬುದು ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಬೇರೆ, ಕರೆಪತ್ರದಲ್ಲಿರುತ್ತದೆ.

ಮಾತನ್ನು ಬಾಯಿಪಾಠ ಬರುವಷ್ಟು ಅಭ್ಯಾಸ ಮಾಡಿ, ಆದರೆ ಸಮಯದ ಹೆಚ್ಚಿನ ಪಾಲನ್ನು ಪ್ರಶ್ನೆಗಳಿಗೆ ಕೊಡಿ. ಐವತ್ತು ಪ್ರಶ್ನೆ ಬರೆದುಕೊಳ್ಳಿ. ಅವುಗಳಲ್ಲಿ ಇವು ಇರಲಿ: ನಿಮ್ಮ ಪ್ರತಿಸ್ಪರ್ಧಿಗಳು ಯಾರು, ಅವರು ಮೊದಲೇ ಮಾಡಿಬಿಟ್ಟರೆ? ಎರಡನೇ ವರ್ಷ ಊಹೆ ಸುಳ್ಳು ಎಂದು ತಿಳಿದರೆ? ಅರ್ಧ ಹಣ ಮಾತ್ರ ಕೊಟ್ಟರೆ ಯಾವ ಉದ್ದೇಶ ಉಳಿಸುತ್ತೀರಿ? ಉತ್ತರ ಒಂದು ನಿಮಿಷದೊಳಗೆ ಮುಗಿಯಬೇಕು. ಅಣಕು ಸಂದರ್ಶನ ಕನಿಷ್ಠ ಮೂರು ಸಲ ಆಗಲಿ, ಅದರಲ್ಲಿ ಒಂದಾದರೂ ನಿಮ್ಮ ಪರಿಚಯವಿಲ್ಲದವರೊಂದಿಗೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು ಹೇಳಿ, ಹೇಗೆ ತಿಳಿದುಕೊಳ್ಳುತ್ತೀರಿ ಎಂಬುದನ್ನು ಸೇರಿಸಿ.

ಎಚ್ಚರಿಕೆಯ ಗುರುತು: ಅಭ್ಯಾಸದಲ್ಲಿ ಪ್ರತಿ ಉತ್ತರವನ್ನೂ ಹಿನ್ನೆಲೆಯಿಂದ ಶುರು ಮಾಡುತ್ತಿದ್ದೀರಿ ಎಂದಾದರೆ ನಿಲ್ಲಿಸಿ. ಮೊದಲ ಪದ "ಹೌದು", "ಇಲ್ಲ" ಅಥವಾ ಒಂದು ಸಂಖ್ಯೆ ಆಗಿರಲಿ.

## 10. ಫಲಿತಾಂಶ ಬಂದ ಮೇಲೆ

ಸಲ್ಲಿಸಿದ ದಿನದಿಂದ ಕೊನೆಯ ಫಲಿತಾಂಶಕ್ಕೆ ಹತ್ತಿರಹತ್ತಿರ ಹನ್ನೊಂದು ತಿಂಗಳು. ಬಂದರೆ ಒಪ್ಪಂದದ ಕೆಲಸ ಶುರು. ಮುಂದೆ ಸಂಸ್ಥೆ ಬದಲಿಸಬೇಕಾದರೆ ಅನುದಾನ ನಿಮ್ಮ ಜೊತೆ ಬರುತ್ತದೆ ಎಂಬುದು ನೆನಪಿರಲಿ. ಸಂಬಳ, ಜಾಗ, ಪಾಠದ ಹೊರೆ ಇವನ್ನು ಸಂಸ್ಥೆಯೊಡನೆ ಮಾತಾಡಲು ಅದು ನಿಮಗಿರುವ ಬಲ.

ಬಾರದಿದ್ದರೆ ಮೊದಲು ದರ್ಜೆ ನೋಡಿ. ಇತ್ತೀಚಿನ ಕರೆಗಳಲ್ಲಿ ಮೊದಲ ಹಂತದಲ್ಲಿ ಬಿ ದರ್ಜೆ ಬಂದವರು ಮುಂದಿನ ಒಂದು ಕರೆಗೆ, ಸಿ ದರ್ಜೆ ಬಂದವರು ಎರಡು ಕರೆಗೆ ಅರ್ಜಿ ಹಾಕುವಂತಿರಲಿಲ್ಲ. ಅವಧಿಯ ಕೊನೆಯ ವರ್ಷಗಳಲ್ಲಿದ್ದವರಿಗೆ ಇದು ಬಹಳ ನೋವಿನ ನಿಯಮ. ಆದ್ದರಿಂದಲೇ "ಸುಮ್ಮನೆ ಒಂದು ಸಲ ಹಾಕಿ ನೋಡೋಣ" ಎಂಬುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬಿ1 ಆ ಇಬ್ಬರು ಓದುಗರ ಪರೀಕ್ಷೆ ದಾಟದಿದ್ದರೆ ಆ ವರ್ಷ ಬಿಟ್ಟು ಮುಂದಿನ ವರ್ಷ ಹಾಕಿ.

ಸಂದರ್ಶನದವರೆಗೆ ಹೋಗಿ ಹಣ ಸಿಗದವರಿಗೆ ಕೆಲವು ದೇಶಗಳಲ್ಲಿ ಆಸರೆ ಇದೆ. ಫ್ರಾನ್ಸ್‌ನ ಎಎನ್‌ಆರ್ ಎಂಬ ಸಂಶೋಧನಾ ಅನುದಾನ ಸಂಸ್ಥೆಯ ಟ್ರಾಂಪ್ಲ್ಯಾಂ-ಇಆರ್‌ಸಿ, ಸ್ಪೇನ್‌ನ ಯುರೋಪಾ ಎಕ್ಸಲೆನ್ಸಿಯಾ ಅಂಥವರಿಗೆಂದೇ ಇರುವ ಯೋಜನೆಗಳು. ನಿಮ್ಮ ಆತಿಥೇಯ ದೇಶದಲ್ಲಿ ಏನಿದೆ ಎಂದು ಅನುದಾನ ಕಚೇರಿಯನ್ನು ಅದೇ ವಾರ ಕೇಳಿ. ಮೌಲ್ಯಮಾಪನದ ವರದಿಯನ್ನು ಬಂದ ದಿನ ಒಮ್ಮೆ ಓದಿ ಮಡಿಸಿಡಿ, ಎರಡು ವಾರ ಬಿಟ್ಟು ಮತ್ತೆ ತೆರೆಯಿರಿ. ಇಬ್ಬರು ಮೂವರು ಒಂದೇ ಜಾಗದಲ್ಲಿ ಬೆರಳಿಟ್ಟಿದ್ದರೆ ಹೊಸ ಬಿ1 ಅನ್ನು ಆ ಜಾಗದಿಂದಲೇ, ಖಾಲಿ ಪುಟದಲ್ಲಿ ಶುರು ಮಾಡಿ.